ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಮಧ್ಯಾಹ್ನದ ಬಸ್ಸುಗಳೆಲ್ಲ ಬಂದು ಹೋದ ಮೇಲೆ ರಿಪ್ಪನ್‌ಪೇಟೆಗೆ ಒಂದು ಥರದ ಮಂಪರು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಯಾರೂ ಬರುವುದಿಲ್ಲ. ಮಿಷನ್ನಿನ ಮೇಲೆ ಕೈಯಿಟ್ಟು, ಕೈ ಮೇಲೆ ತಲೆಯಿಟ್ಟು ಒಂದು ಗಳಿಗೆ ತೂಕಡಿಸುವುದು ನನ್ನ ಹಳೆಯ ಚಾಳಿ. ಕಣ್ಣು ಮುಚ್ಚಿದರೆ ಸಾಕು, ಒಂದು ಕೆಂಪು ಗೋಡೆ ಬರುತ್ತದೆ. ಪ್ರತಿ ಸಲವೂ ಅದೇ ಗೋಡೆ. ಕೆಮ್ಮಣ್ಣು ಬಳಿದು ಇನ್ನೂ ತೇವ ಆರಿಲ್ಲ. ಅದರ ಮುಂದೆ ಕಾಲು ಮಡಚಿ ಕೂತವಳು ನನ್ನ ಅಜ್ಜಿ, ಅಮ್ಮನ ಅಮ್ಮ. ಕೈಯಲ್ಲಿ ಪುಂಡಿ ನಾರಿನ ಕುಂಚ. ನಾನು ಆರು ವರ್ಷದವಳು, ಅಕ್ಕಿ ಅರೆದು ಮಾಡಿದ ಬಿಳಿ ಬಣ್ಣದ ಕರಟ ಹಿಡಿದು ಪಕ್ಕದಲ್ಲಿ ನಿಂತಿದ್ದೇನೆ. ಅಜ್ಜಿ ಉಸಿರು ಬಿಗಿಹಿಡಿದು ಎಳೆ ಎಳೆಯುತ್ತಾಳೆ. ಗೋಡೆ ಮೇಲೆ ಏನೂ ಕಾಣುವುದಿಲ್ಲ. ಹಸಿ ಇರುವಾಗ ಅಕ್ಕಿಯ ಗೆರೆ ಹಾಗೇ, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆಮೇಲೆ ಬಿಸಿಲು ಅಂಗಳದಿಂದ ಜಗುಲಿಗೆ ಹತ್ತಿ ಗೋಡೆಗೆ ತಾಗಿದಾಗ ಒಂದೊಂದೇ ಎಳೆ ಬೆಳ್ಳಗೆ ಎದ್ದು ಬರುತ್ತದೆ. ಅಷ್ಟರಲ್ಲಿ ಯಾರೋ ಬ್ಲೌಸ್ ಪೀಸ್ ಹಿಡಿದುಕೊಂಡು ಬಂದು ನನ್ನನ್ನು ಎಬ್ಬಿಸುತ್ತಾರೆ.

ನಮ್ಮ ಕಡೆ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಅಜ್ಜಿಯ ಚಿತ್ತಾರ ಅಂದರೆ ನಾಲ್ಕೂರಿನ ಜನ ಬಂದು ನಿಂತು ನೋಡುತ್ತಿದ್ದರು. ಅವಳಿಗೆ ಒಂದು ನಿಯಮವಿತ್ತು. ಚಿತ್ತಾರ ಮುಗಿಯುವ ತನಕ ಬಾಯಿಗೆ ತುತ್ತಿಲ್ಲ. ಒಂದು ದಿನವಾದರೆ ಒಂದು ದಿನ, ಎರಡಾದರೆ ಎರಡು. ಎಲ್ಲಾದರೂ ಒಂದು ಎಳೆ ನಡುಗಿತೋ, ಮುಗಿಯಿತು. ಇಡೀ ಗೋಡೆಗೆ ಮತ್ತೆ ಕೆಮ್ಮಣ್ಣು. ಒಂದು ಮದುವೆಯಲ್ಲಿ ದಿಬ್ಬಣ ಊರ ಬಾಗಿಲಿಗೆ ಬಂದಿದೆ, ಇವಳು ಗೋಡೆ ಒರೆಸುತ್ತಿದ್ದಾಳಂತೆ! ಮನೆಯವರು ಕೈಕಾಲು ಬಿಟ್ಟು ನಿಂತರಂತೆ. ಆದರೂ ಯಾರೂ ಬೈಯಲಿಲ್ಲ. ‘ಹಸಿದ ಕೈಗೆ ದೇವರು ಬರ್ತಾನೆ’ ಅನ್ನುತ್ತಿದ್ದರು. ಅವಳು ಎದ್ದಾಗ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ.

ನಮ್ಮಮ್ಮನಿಗೆ ಆ ಕೈ ಬರಲಿಲ್ಲ. ಅವಳ ರಂಗೋಲಿ ಸೊಟ್ಟ, ರೊಟ್ಟಿ ಸೊಟ್ಟ, ಮೂರು ಹೊತ್ತು ನೆಮ್ಮದಿಯಾಗಿ ಉಂಡು ಮಲಗಿದ ಪುಣ್ಯಾತ್ಗಿತ್ತಿ. ಅಕ್ಕನೂ ಅಮ್ಮನ ಥರವೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರಲ್ಲ, ಅದು ಅಕ್ಕನಿಗೆ ಸರಿ. ನನಗೆ ಮಾತ್ರ ನೂಲು ಅಜ್ಜಿಯಿಂದ ಬಂತು. ಬ್ಲೌಸಿನ ತೋಳು ಒಂದು ನೂಲಿನಷ್ಟು ಓರೆ ಕೂತರೂ ಬಿಚ್ಚುತ್ತೇನೆ. ಹಾಕಿಕೊಂಡವಳಿಗೆ ಗೊತ್ತಾಗುವುದಿಲ್ಲ, ಅವಳ ಗಂಡನಿಗಂತೂ ಏಳು ಜನ್ಮಕ್ಕೂ ಗೊತ್ತಾಗುವುದಿಲ್ಲ, ಆದರೂ ಬಿಚ್ಚುತ್ತೇನೆ. ‘ನಾಳೆ ಮದ್ವೆ ಮಾರಾಯ್ತಿ, ಹೆಂಗಿದ್ರೂ ಕೊಡು’ ಅಂತ ಬಂದವರ ಮೇಲೆ ರೇಗಿ ಕಳಿಸಿದ್ದೇನೆ. ಕೈಯಲ್ಲಿರುವ ಕೆಲಸ ಮುಗಿಯದೆ ಊಟಕ್ಕೆ ಏಳುವ ಅಭ್ಯಾಸ ನನಗಿರಲಿಲ್ಲ. ಎಷ್ಟೋ ದಿನ ಬುತ್ತಿ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ‘ಎಂತಕ್ಕೆ ದಿನಾ ಆ ಡಬ್ಬಿಗೆ ಪ್ಯಾಟೆ ತೋರ್ಸಕ್ಕೆ ಕರ್ಕೊಂಡೋಗ್ತೀಯ?’ ಅಂತ ನನ್ನ ಗಂಡ ಕೇಳುತ್ತಿದ್ದರು. ನಾನು ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಬೀಗುತ್ತಿದ್ದೆ.

ಅಕ್ಕನ ಮಗಳಿಗೂ ಆ ಕೈ ಬಂತು. ಒಂಬತ್ತು ವರ್ಷಕ್ಕೆ ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆದಳು. ಆ ಹಬ್ಬಕ್ಕೆ ನಮ್ಮಲ್ಲಿ ಗದ್ದೆಗೆ ಸೀಮಂತ. ಬಸುರಿಗೆ ಬಡಿಸಿದ ಹಾಗೆ ಭೂಮಿತಾಯಿಗೆ ಅಡುಗೆ ಮಾಡಿ ಆ ಬುಟ್ಟಿಯಲ್ಲಿ ತುಂಬಿಕೊಂಡು ಹೋಗುತ್ತೇವೆ. ಮಗು ಬೆಳಿಗ್ಗೆ ಕೂತಿದ್ದು ಸಂಜೆ ತನಕ ಏಳಲಿಲ್ಲ, ನೀರೂ ಕುಡಿಯಲಿಲ್ಲ. ಮೂರು ಸಲ ಒರೆಸಿ ಬರೆದಳು. ಅಕ್ಕ ತಟ್ಟೆ ಹಿಡಿದು ಹಿಂದೆ ಮುಂದೆ ಸುತ್ತುತ್ತಿದ್ದಳು. ‘ಬಿಡೇ, ಅಜ್ಜಿ ಕೈ ಬಂದಿದೆ ಅದಕ್ಕೆ, ತೊಂದ್ರೆ ಮಾಡ್ಬೇಡ’ ಅಂತ ಗದರಿದವಳು ನಾನು. ಆ ಮಾತು ಕೇಳಿ ಮಗುವಿನ ಮುಖ ಅರಳಿತು. ಈಗ ನೆನೆದರೆ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅವಳು ತೀರ್ಥಹಳ್ಳಿಯಲ್ಲಿ ಪಿಯುಸಿಗೆ ಸೇರಿದ ವರ್ಷ ಬಾವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಅಕ್ಕ ಹೊಸನಗರದ ಹತ್ತಿರದ ತಮ್ಮ ಊರಲ್ಲಿ ಗಂಡನ ಮಂಚ ಬಿಟ್ಟು ಕದಲುವ ಹಾಗಿರಲಿಲ್ಲ. ಹುಡುಗಿ ಹಾಸ್ಟೆಲಿನಲ್ಲಿ. ‘ನೀನೊಬ್ಳು ಸರಿಯಾಗಿ ಓದ್ಬಿಟ್ರೆ ಸಾಕು’ ಅಂತ ಬಂದ ನೆಂಟರೆಲ್ಲ ಅವಳ ತಲೆ ಮೇಲೆ ಕೈಯಿಟ್ಟು ಹೇಳಿ ಹೋದರು. ಒಳ್ಳೆಯ ಮಾತೇ. ಆದರೆ ಆ ಸಣ್ಣ ತಲೆ ಮೇಲೆ ಎಷ್ಟು ಕೈ!

ಅವಳ ಕಾಲೇಜಿನ ಯೂನಿಫಾರಂ ಚೂಡಿದಾರ ಹೊಲಿದವಳು ನಾನೇ. ದೀಪಾವಳಿಗೆ ಬಂದಾಗ ‘ಚಿಕ್ಕಿ, ಸ್ವಲ್ಪ ಲೂಸಾಗಿದೆ, ಹಿಡಿದು ಕೊಡು’ ಅಂದಳು. ಎರಡೂ ಪಕ್ಕ ಹಿಡಿದೆ. ‘ಸಪೂರ ಆಗಿದೀಯ, ಹೊಲಿಯಕ್ಕೆ ಈಗ ಚಂದ’ ಅಂತ ಬೇರೆ ಅಂದೆ. ಸಂಕ್ರಾಂತಿಗೆ ಮತ್ತೆ ಬಂದಳು. ಮತ್ತೆ ಹಿಡಿದೆ. ನನ್ನ ಕೆಲಸ ಎಷ್ಟು ಅಚ್ಚುಕಟ್ಟು ಅಂದರೆ, ಹಿಡಿದ ಬಟ್ಟೆ ಅಂತ ಯಾರಿಗೂ ತಿಳಿಯುವ ಹಾಗಿಲ್ಲ. ಅಳತೆ ತೆಗೆದೇ ಹೊಲಿದ ಹಾಗೆ ಮೈಗೆ ಕೂರುತ್ತಿತ್ತು. ಜೋಲುವ ಬಟ್ಟೆ ಹಾಕಿಕೊಂಡಿದ್ದರೆ ಅಕ್ಕ ಒಂದೇ ನೋಟಕ್ಕೆ ಕಂಡುಹಿಡಿಯುತ್ತಿದ್ದಳು. ಯಾರೋ ಒಬ್ಬರು ‘ಮಗಳು ಇಳಿದು ಹೋಗಿದ್ದಾಳಲ್ಲ’ ಅಂದಿದ್ದಕ್ಕೆ, ‘ಇಲ್ಲ, ಬಟ್ಟೆ ಸರಿಯಾಗೇ ಕೂತಿದ್ಯಲ್ಲ’ ಅಂದಳಂತೆ ಪಾಪದವಳು. ಹುಡುಗಿ ಕರಗುತ್ತಾ ಹೋದಳು, ನಾನು ಅದನ್ನು ಹೊಲಿದು ಮುಚ್ಚುತ್ತಾ ಹೋದೆ.

ಮೂರನೇ ಸಲ ಬಂದಾಗ ಮಾರ್ಚಿ ಬಿಸಿಲು. ಅವಳು ಒಳಗೊಂದು ಸ್ವೆಟರ್ ಹಾಕಿದ್ದಳು. ಬಿಚ್ಚು ಅಂದೆ. ಟೇಪು ಸುತ್ತಿ ಅಳತೆ ನೋಡಿದೆ. ನನ್ನ ಕಣ್ಣೇ ಸುಳ್ಳು ಹೇಳುತ್ತಿದೆಯೇನೋ ಅಂತ ಮತ್ತೆ ಸುತ್ತಿದೆ. ಬೆನ್ನಿನ ಮೂಳೆ ಒಂದೊಂದೂ ಎಣಿಸುವ ಹಾಗಿತ್ತು. ಕೈ ಮುಟ್ಟಿದರೆ ಬಾವಿಯ ಹಗ್ಗದ ಥರ ತಣ್ಣಗೆ. ‘ಇನ್ನೊಂಚೂರು ಹಿಡಿ ಚಿಕ್ಕಿ’ ಅಂದಳು.

ನನಗೆ ಭಯವಾಯಿತು. ಭಯವಾದರೆ ನನಗೆ ಬರುವುದು ಸಿಟ್ಟೇ. ಟೇಪು ನೆಲಕ್ಕೆ ಬಿಸಾಕಿದೆ. ‘ಏನೇ ಇದು ಅವತಾರ? ಊಟ ಮಾಡ್ತೀಯೋ ಇಲ್ವೋ?’

ಅವಳು ಟೇಪು ಎತ್ತಿ, ನೀಟಾಗಿ ಸುತ್ತಿ, ಮಿಷನ್ ಮೇಲಿಟ್ಟಳು. ‘ಓದಿದ್ದು ಸರಿಯಾಗೋ ತನ್ಕ ಸೇರಲ್ಲ ಚಿಕ್ಕಿ. ಒಂದು ಲೆಕ್ಕ ತಪ್ಪಿದ್ರೂ ಉಣ್ಣಕ್ಕೆ ಮನ್ಸಾಗಲ್ಲ. ನಿಂಗೆ ಗೊತ್ತಲ್ಲ’ ಅಂದಳು.

ನನಗೆ ಗೊತ್ತಿತ್ತು. ಮುಟ್ಟದ ಬುತ್ತಿ ಡಬ್ಬಿ ಅಲ್ಲೇ ಕತ್ತರಿ ಪಕ್ಕದಲ್ಲಿ ಕೂತಿತ್ತು. ಆದರೂ ಹಿಡಿದು ಕೊಟ್ಟೆ, ನೋಡಿ! ಅಕ್ಕನಿಗೆ ಫೋನ್ ಮಾಡಬೇಕು ಅಂದುಕೊಂಡೆ. ಬಾವನ ಸಂಕಟದ ನಡುವೆ ಇದೊಂದು ಎಂತಕ್ಕೆ ಅಂತ ನಾಳೆಗೆ ಬಿಟ್ಟೆ. ಆ ವಾರವೇ ಹುಡುಗಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಬಿದ್ದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಮಂಜಿನಲ್ಲಿ ಬಸ್ಸು ಹೋಗುವಾಗ ಕಿಟಕಿ ಆಚೆ ಒಂದು ಮರ ಬಂತು, ಒಂದು ಮನೆ ಬಂತು ಅನ್ನುವ ಹಾಗೆ ಚೂರು ಚೂರು ನೆನಪು. ಹನಿ ಹನಿ ಇಳಿಯುವ ಬಾಟಲಿ. ಬಿಳಿ ಚಾದರದ ಅಡಿಯಲ್ಲಿ ಯಾರೂ ಇಲ್ಲವೇನೋ ಅನ್ನುವಷ್ಟು ಚಪ್ಪಟೆಯಾಗಿ ಮಲಗಿದ್ದ ಹುಡುಗಿ. ‘ಹೃದಯ ತುಂಬಾ ಸೋತಿದೆ, ಇನ್ನೂ ಹೀಗೇ ಬಿಟ್ಟಿದ್ರೆ ಕಷ್ಟ ಇತ್ತು’ ಅಂತ ಡಾಕ್ಟರಮ್ಮ ಹೇಳಿದಾಗ ಬಾವನನ್ನು ನೆರೆಯವರಿಗೆ ಒಪ್ಪಿಸಿ ಓಡಿ ಬಂದಿದ್ದ ಅಕ್ಕ ಗೋಡೆ ಹಿಡಿದು ಕೂತಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಡಾಕ್ಟರಮ್ಮ ತಾಳ್ಮೆಯವರು. ‘ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗೆ ಊಟ ಬಿಡೋ ಕಾಯಿಲೆ ಇತ್ತಾ?’ ಅಂತ ಕೇಳಿದರು. ‘ಛೆ ಛೆ, ನಮ್ಮಲ್ಲಿ ಹಂಗೆಲ್ಲ ಇಲ್ಲ’ ಅಂದೆ ನಾನು, ಮಾನ ಹೋದವಳ ಹಾಗೆ. ‘ಹೋಗಲಿ, ಎಲ್ಲಾ ಸರಿಯಾಗೇ ಇರ್ಬೇಕು, ಒಂಚೂರೂ ತಪ್ಪಾಗ್ಬಾರ್ದು ಅನ್ನೋ ಹಟ?’ ಅಂದರು. ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಗಂಡ ನನ್ನ ಕಡೆ ತಿರುಗಿದರು. ಬಾಟಲಿ ಬದಲಿಸಲು ಬಂದಿದ್ದ ನರ್ಸ್ ಕೂಡ ತಿರುಗಿದಳು!

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಆ ಹಟ ಒಂದಿಷ್ಟು ರಕ್ತದಲ್ಲೇ ಬರುತ್ತದಂತೆ. ಈ ಕಾಯಿಲೆಗೆ ಬೀಳುವ ಸ್ವಭಾವವೂ ಒಂದಿಷ್ಟು ಹಾಗೇ ಬರುತ್ತದಂತೆ, ಎಷ್ಟೋ ಸಲ ಎರಡೂ ಜೊತೆಗೇ. ಬಂದವರಿಗೆಲ್ಲ ಕಾಯಿಲೆ ಆಗುತ್ತದೆ ಅಂತಲ್ಲ. ಎಷ್ಟೋ ಜನ ಹಾಗೇ ಬಾಳಿ ಹೋಗುತ್ತಾರೆ. ಮೇಲಿಂದ ಬದುಕಿನ ಪೆಟ್ಟು ಬಿದ್ದಾಗ, ಅದರಲ್ಲೂ ಎಳೆ ವಯಸ್ಸಿನಲ್ಲಿ, ಒಳಗಿದ್ದದ್ದು ಎದ್ದು ಬರಬಹುದು. ಉಳಿದದ್ದೆಲ್ಲ ಕೈ ತಪ್ಪಿ ಹೋಗುವಾಗ ಊಟ ಒಂದನ್ನಾದರೂ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ. ಹೊಟ್ಟೆ ಬರಿದಾದಷ್ಟೂ ಆ ಹಟ ಇನ್ನೂ ಬಿಗಿಯಾಗುತ್ತದೆ. ‘ಇದು ಯಾರ ತಪ್ಪೂ ಅಲ್ಲ’ ಅಂದರು ಕೊನೆಗೆ. ನನಗೆ ಆಗ ಅಜ್ಜಿಯ ಗೋಡೆ ಕಂಡಿತು. ಹಸಿ ಇದ್ದಾಗ ಕಾಣದ ಗೆರೆ, ಬಿಸಿಲು ತಾಗಿದಾಗ ಬೆಳ್ಳಗೆ ಎದ್ದು ಬರುತ್ತಿತ್ತಲ್ಲ, ಹಾಗೆ. ಆದರೂ ನಮ್ಮ ಮನೆತನದಲ್ಲಿ ಕಾಯಿಲೆ ಇತ್ತು ಅಂತ ಒಪ್ಪಲು ನನಗೆ ಮನಸ್ಸು ಬರಲಿಲ್ಲ.

ಒಪ್ಪಿಸಿದವಳು ಸಾಗರದ ಚಿಕ್ಕಜ್ಜಿ, ನನ್ನ ಅಜ್ಜಿಯ ತಂಗಿ. ತೊಂಬತ್ತರ ಹತ್ತಿರ ಬಂದರೂ ಅವಳ ನಾಲಿಗೆ ಗರಗಸವೇ. ಹುಡುಗಿಯ ವಿಷಯ ತಿಳಿಸಲು ಹೋಗಿದ್ದೆ. ಮಾತಿನ ನಡುವೆ, ‘ಅಜ್ಜಿ ದೇವರಿಗೆ ಅಂತ ಉಪವಾಸ ಮಾಡ್ತಿತ್ತು, ಇದು ನೋಡು, ಸುಮ್ಮನೆ ಉಪವಾಸ’ ಅಂದೆ.

‘ಯಾವ ದೇವ್ರು? ಮಣ್ಣು!’ ಅಂದಳು ಚಿಕ್ಕಜ್ಜಿ. ಎಲೆಯಡಿಕೆ ಕುಟ್ಟುತ್ತಿದ್ದ ಒರಳು ಪಕ್ಕಕ್ಕಿಟ್ಟಳು. ‘ಆ ವರ್ಷ ಒಡೇರು ಗೇಣಿ ಗದ್ದೆ ಬಿಡಿಸ್ಕೊಂಡ್ರು. ಅದೇ ವರ್ಷ ನಿಮ್ಮಜ್ಜಿ ಮೊದಲ್ನೇ ಕೂಸು ಹೋಯ್ತು. ಆವಾಗ ಬಿಟ್ಟಿದ್ದು ಅನ್ನ. ಇಡೀ ದಿನ ಗೋಡೆ ಮುಂದೆ. ಬರೆಯೋದು, ಒರೆಸೋದು, ಬರೆಯೋದು, ಒರೆಸೋದು. ಮೂಳೆ ಚಕ್ಕಳ ಆಗಿದ್ಲು. ಗಾಳಿ ಮೆಟ್ಟಿದೆ ಅಂತ ಬೇವಿನ್ ಸೊಪ್ಪಲ್ಲಿ ಹೊಡ್ಸಿದ್ರು. ನಾನಿನ್ನೂ ಲಂಗದ ಹುಡ್ಗಿ, ಅಕ್ಕನ್ ನೋಡ್ಕೊಳ್ಳಕ್ಕೆ ಅಂತ ನನ್ನ ಕಳಿಸಿದ್ರು.’

‘ನೀನೆಂತ ಮಾಡ್ದೆ?’

‘ಎಂತ ಮಾಡ್ಲಿ? ಪಕ್ಕದಲ್ಲೇ ಕೂತು ನಾನೂ ಒಂದು ಎಳೆ ಎಳೀತಿದ್ದೆ. ಸೊಟ್ಟಗೆ. ಒರೆಸಕ್ಕೆ ಬಂದ್ರೆ ಕೈ ಹಿಡ್ಕೋತಿದ್ದೆ. ಸಿಟ್ಟು ಬಂದು ಬೈಯೋಳು, ಬೈಯಕ್ಕಾದ್ರೂ ಬಾಯಿ ತೆಗೀಬೇಕಲ್ಲ! ಒಂದು ಚಮ್ಚ ಗಂಜಿ ಹುಯ್ಯೋದು. ಇನ್ನೊಂದು ಸೊಟ್ಟ ಎಳೆ, ಇನ್ನೊಂದು ಚಮ್ಚ. ಒಂದು ಮಳೆಗಾಲ ಹಿಡೀತು.’ ಅವಳು ನಕ್ಕಳು. ಆಮೇಲೆ ನಗು ನಿಂತಿತು. ‘ಪೂರ್ತಿ ಬಿಟ್ಟೇನು ಹೋಗ್ಲಿಲ್ಲ. ಚಿತ್ತಾರ ಬರೆಯೋ ದಿನ ಉಣ್ತಿರ್ಲಿಲ್ಲ ನೋಡು, ಅದು ಆ ಕಾಯಿಲೆದೇ ಉಳಿಕೆ. ನೀವೆಲ್ಲ ಅದಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡಿದ್ರಿ.’

ಸಾಗರದಿಂದ ವಾಪಸು ಬರುವ ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದ ಸೀಟಿನವರು ಯಾರು ತೀರಿಕೊಂಡರು ಅಂತ ಕೇಳಿದರು. ಅಜ್ಜಿ ಅಂದೆ. ಅವಳು ಹೋಗಿ ಇಪ್ಪತ್ತು ವರ್ಷವಾಗಿತ್ತು.

ಹುಡುಗಿಗೆ ಒಂದು ವರ್ಷ ಕಾಲೇಜು ಬಿಡಿಸಿದೆವು. ಬಾವನನ್ನೂ ಇವಳನ್ನೂ ಅಕ್ಕ ಒಬ್ಬಳೇ ನೋಡಿಕೊಳ್ಳುವ ಹಾಗಿರಲಿಲ್ಲ, ನಮ್ಮ ಮನೆಗೆ ಕರೆತಂದೆ. ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗ. ಏನು, ಎಷ್ಟು, ಯಾವ ಹೊತ್ತಿಗೆ ಅಂತ ಅಲ್ಲಿ ಬರೆದುಕೊಡುತ್ತಿದ್ದರು. ಅದರ ಜೊತೆ ಒಂದು ಮಾತು: ‘ಅವಳೊಬ್ಬಳಿಗೇ ತಟ್ಟೆ ಇಟ್ಟು ಕಾಯ್ಬೇಡಿ. ಜೊತೇಲಿ ಕೂತು ಉಣ್ಣಿ, ಅದೇ ಹೊತ್ತಿಗೆ.’ ಇದರಷ್ಟು ಕಷ್ಟದ ಔಷಧಿ ನಾನು ಕಂಡಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮಿಷನ್ ನಿಲ್ಲಿಸಬೇಕು. ಸೂಜಿ ಕೆಳಗೆ ಅರ್ಧ ಹೊಲಿದ ತೋಳು. ಇನ್ನು ನಾಲ್ಕೇ ಇಂಚು, ಮುಗಿಸಿಬಿಡೋಣ ಅಂತ ಕೈ ತುರಿಸುತ್ತದೆ. ಎದುರಿಗೆ ಅವಳು ದೋಸೆಯನ್ನು ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿಕೊಂಡು ಕೂತಿರುತ್ತಾಳೆ. ಅವಳ ಕಣ್ಣು ತಟ್ಟೆ ಮೇಲೆ, ನನ್ನ ಕಣ್ಣು ಮಿಷನ್ ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ಶಪಿಸಿಕೊಂಡು ಉಂಡ ದಿನಗಳಿವೆ. ತಟ್ಟೆ ತಳ್ಳಿ ಎದ್ದು ಹೋಗಿದ್ದಾಳೆ. ‘ನೀನ್ ಬೇಕಂತ ನನ್ ದಪ್ಪ ಮಾಡ್ತಿದೀಯ’ ಅಂತ ಕೂಗಿದ್ದಾಳೆ. ನಾನೂ ಕೂಗಿದ್ದೇನೆ, ಆಮೇಲೆ ಮೊಸರನ್ನ ಕಲಸಿಕೊಂಡು ಮತ್ತೆ ಕೂತಿದ್ದೇನೆ. ಮಳೆಗಾಲದಲ್ಲಿ ಎರಡು ವಾರ ಮತ್ತೆ ಆಸ್ಪತ್ರೆಯಾಯಿತು. ಇವಳು ನಮಗೆ ಉಳಿಯುವುದಿಲ್ಲ ಅಂತ ಆಗ ನನಗೆ ಅನ್ನಿಸಿತ್ತು. ಯಾರಿಗೂ ಹೇಳಲಿಲ್ಲ.

ಉಳಿದಳು. ಯಾವತ್ತಿನಿಂದ ಅಂತ ಹೇಳಲು ಬರುವುದಿಲ್ಲ. ಒಂದು ಮಧ್ಯಾಹ್ನ ದೋಸೆಯ ಚೌಕ ಒಂದು ದೊಡ್ಡದು ಒಂದು ಚಿಕ್ಕದಾಗಿತ್ತು. ಇನ್ನೊಂದು ದಿನ ಸ್ವೆಟರ್ ಇಲ್ಲದೆ ಅಂಗಡಿಗೆ ಬಂದಳು.

ಮತ್ತೆ ಜೂನ್ ಬಂತು. ತೀರ್ಥಹಳ್ಳಿಗೆ ಹೊರಡಲು ನಾಲ್ಕು ದಿನ ಇರುವಾಗ ಯೂನಿಫಾರಂ ತೆಗೆದು ಅಂಗಡಿಯ ಪರದೆ ಹಿಂದೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಷ್ಟೆಲ್ಲ ದಿನ ತುತ್ತು ತುತ್ತಾಗಿ ಕಟ್ಟಿದ್ದು ಈ ಒಂದು ಬಟ್ಟೆಯಿಂದ ಬಿದ್ದು ಹೋದರೆ? ಮೊದಲೇ ಗುಟ್ಟಾಗಿ ಬಿಚ್ಚಿ ಸರಿ ಮಾಡಿ ಇಟ್ಟಿದ್ದರೆ ಅವಳಿಗೆ ತಿಳಿಯುತ್ತಲೇ ಇರಲಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಮರುಗಳಿಗೆಗೆ, ಗುಟ್ಟಾಗಿ ಹಿಡಿದು ಹಿಡಿದೇ ಅಲ್ಲವೇನೇ ಇಲ್ಲಿಗೆ ಬಂದಿದ್ದು ಅನ್ನಿಸಿತು.

ಪರದೆ ಸರಿಯಿತು. ತೋಳು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮುಖದಲ್ಲಿ ಆ ಹಳೆಯ ಬಿಗಿ. ‘ಹಿಡಿಸ್ತಿಲ್ಲ ಚಿಕ್ಕಿ’ ಅಂದಳು.

ಅದನ್ನು ತೆಗೆಸಿದೆ. ಬಟ್ಟೆ ತಿರುಗಿಸಿ ಒಳಮೈ ತೋರಿಸಿದೆ. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳಿನಷ್ಟು ಬಿಡುವುದು ಟೈಲರುಗಳ ಪದ್ಧತಿ. ಹಿಡಿದಾಗಲೂ ನಾನು ಅದನ್ನು ಕತ್ತರಿಸಿರಲಿಲ್ಲ. ‘ನೋಡು, ಇದೆಲ್ಲ ನಿಂದೇ ಬಟ್ಟೆ. ಇಷ್ಟು ದಿನ ಒಳಗೇ ಇತ್ತು’ ಅಂದೆ. ಅಲ್ಲಿ ಮೊದಲ ಹೊಲಿಗೆಯ ಜೊತೆ ಇನ್ನೂ ಮೂರು ಸಾಲು ಹೊಲಿಗೆ, ಒಂದರ ಪಕ್ಕ ಒಂದು. ದೀಪಾವಳಿಯದು, ಸಂಕ್ರಾಂತಿಯದು, ಮಾರ್ಚಿಯದು. ಅವಳು ಬೆರಳಿಟ್ಟು ನೋಡಿದಳು. ‘ಮೂರೂ ನೀನೇ ಹಾಕಿದ್ದಾ?’

‘ನಾನೇ. ತಪ್ಪಾಯ್ತು ಮಗಾ’ ಅಂದೆ.

ಬ್ಲೇಡು ಅವಳ ಕೈಗೆ ಕೊಟ್ಟೆ. ಸ್ಟೂಲಿನ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ಮಾರ್ಚಿ ಬಿಚ್ಚಿತು, ಸಂಕ್ರಾಂತಿ ಬಿಚ್ಚಿತು. ಕೊನೆಯ ಸಾಲಿಗೆ ಬಂದಾಗ ಬ್ಲೇಡು ನಿಂತಿತು. ಆಮೇಲೆ ಅದನ್ನೂ ಬಿಚ್ಚಿದಳು. ನಾನು ಇಸ್ತ್ರಿ ಹಾಕಿದೆ. ಎಷ್ಟು ಒತ್ತಿದರೂ ಸೂಜಿ ಚುಚ್ಚಿದ ತೂತುಗಳು ಹೋಗಲಿಲ್ಲ. ಎರಡೂ ಪಕ್ಕ ಚುಕ್ಕಿಯ ಸಾಲು ಎದ್ದು ಕಾಣುತ್ತಿತ್ತು. ಇಂಥ ಬಟ್ಟೆ ನನ್ನ ಅಂಗಡಿಯ ಬಾಗಿಲು ದಾಟಿದ್ದೇ ಇಲ್ಲ. ‘ಇದು ಬೇಡ, ಹೊಸದು ಹೊಲಿತೀನಿ, ಇವತ್ತೇ ಕೂರ್ತೀನಿ’ ಅಂತ ನನ್ನ ಬಾಯಿ ತಾನಾಗಿ ಹೇಳಿತು, ಕೈ ಕತ್ತರಿಗೆ ಹೋಯಿತು.

ಅವಳು ಚೂಡಿದಾರ ತಲೆ ಮೇಲಿಂದ ಹಾಕಿಕೊಂಡಳು. ಸಲೀಸಾಗಿ ಇಳಿಯಿತು. ಕನ್ನಡಿ ಮುಂದೆ ಒಂದು ಗಳಿಗೆ ನಿಂತಳು. ಕಣ್ಣಲ್ಲಿ ನೀರಿತ್ತು. ಒರೆಸಿಕೊಂಡು, ನನ್ನ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು.

‘ಇರ್ಲಿ ಬಿಡು ಚಿಕ್ಕಿ. ಒಂದು ಗಂಟೆ ಆಯ್ತು, ಊಟಕ್ಕೆ ಬಾ.’

ಮಿಷನ್ ಮೇಲೆ ಯಾರದೋ ಬ್ಲೌಸಿನ ತೋಳು ಅರ್ಧಕ್ಕೆ ನಿಂತಿತ್ತು. ಓರೆ ಬೇರೆ ಆಗಿತ್ತು. ಹಾಗೇ ಬಿಟ್ಟು ಎದ್ದೆ.